ಸ್ವೀಡನ್‌ಗೆ ಹೊಸದಾಗಿ ಬಂದಿದ್ದೀರಾ? ಕಾಫಿಗೆ ಕರೆದರೆ ಎದ್ದು ಹೋಗಿ

ವೀಸಾ, ಬಾಡಿಗೆ ಮನೆ, ಪರ್ಸನ್‌ನಂಬರ್ (ಇಲ್ಲಿನ ಗುರುತಿನ ಸಂಖ್ಯೆ) ಬಗ್ಗೆ ಹೇಳಿಕೊಡಲು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ಕಾಫಿ ಬಗ್ಗೆ ಯಾರೂ ಹೇಳುವುದಿಲ್ಲ. ನನಗೂ ಯಾರೂ ಹೇಳಲಿಲ್ಲ, ಅದಕ್ಕೇ ಸ್ಟಾಕ್‌ಹೋಮ್‌ನಲ್ಲಿ ನನ್ನ ಮೊದಲ ಮೂರು ತಿಂಗಳು ಸುಮ್ನೆ ಹಾಳಾದವು.

ಆಫೀಸಿನಲ್ಲಿ ಬೆಳಿಗ್ಗೆ ಹತ್ತರ ಹೊತ್ತಿಗೆ ಎಲ್ಲರೂ ಎದ್ದು ಕಾಫಿ ಮೆಷಿನ್ ಕಡೆ ಹೊರಡುತ್ತಾರೆ. ಮಧ್ಯಾಹ್ನ ಮೂರಕ್ಕೆ ಮತ್ತೊಂದು ಸಲ. ಇದರ ಹೆಸರು ಫೀಕಾ. ಹಿಂದೆ ಇಲ್ಲಿನ ಆಡುಮಾತಿನಲ್ಲೂ ಕಾಫಿಗೆ 'ಕಾಫಿ' ಅಂತಲೇ ಅನ್ನುತ್ತಿದ್ದರಂತೆ, ಮಕ್ಕಳು ಗುಟ್ಟಿನ ಭಾಷೆ ಆಡುವ ಹಾಗೆ ಅದನ್ನು ಹಿಂದುಮುಂದು ಮಾಡಿ ಫೀಕಾ ಅಂದರಂತೆ. ನೀವೂ ಕಾಫಿಯನ್ನು ತಿರುಗಿಸಿ ಬರೆದು ನೋಡಿ. ಈ ಒಂದು ಸ್ವೀಡಿಷ್ ಪದ ಕನ್ನಡದವರಿಗೆ ಬಿಟ್ಟಿ ಸಿಕ್ಕಿದೆ.

ನಾನು ಏನು ಮಾಡಿದೆ ಅಂದರೆ, ಬೆಂಗಳೂರಿನ ಅಭ್ಯಾಸದಲ್ಲಿ ಕಪ್ ತುಂಬಿಸಿಕೊಂಡು ಬಂದು ಕಿವಿಗೆ ಹೆಡ್‌ಫೋನ್ ಹಾಕಿ ಕೂತುಬಿಡುತ್ತಿದ್ದೆ. ಇವರೆಲ್ಲ ದಿನಕ್ಕೆ ಎರಡು ಸಲ ಹರಟೆ ಹೊಡೆಯುವಾಗ ನಾನು ಕೆಲಸ ಮಾಡುತ್ತಿದ್ದೇನೆ, ಮ್ಯಾನೇಜರ್ ನೋಡಲಿ ಅಂತ ಒಳಗೊಳಗೇ ಹೆಮ್ಮೆ ಬೇರೆ. ಮೂರು ತಿಂಗಳಾದ ಮೇಲೆ ಮ್ಯಾನೇಜರ್ ಒಂದು ರೂಮಿಗೆ ಕರೆದು, ತುಂಬಾ ಮೆತ್ತಗೆ, "ನಿನಗೆ ಈ ಟೀಮ್ ಹಿಡಿಸುತ್ತಿಲ್ಲವಾ?" ಅಂತ ಕೇಳಿದರು. ಅವರ ಲೆಕ್ಕದಲ್ಲಿ ನಾನು ಮುನಿಸಿಕೊಂಡವನು.

ಹಾಗಾಗಿ ಮೊದಲ ದಿನದಿಂದಲೇ ಹೋಗಿ. ಕಾಫಿ ಬೇಡ ಅಂದರೆ ಚಹಾ ಹಿಡಿದುಕೊಳ್ಳಿ, ಬಿಸಿನೀರಾದರೂ ಸರಿ, ಆದರೆ ಹೋಗಿ ಕೂತುಕೊಳ್ಳಿ. ಯಾವ ಟೀಮಿನಲ್ಲಿ ಜಾಗ ಖಾಲಿ ಆಗುತ್ತಿದೆ, ಯಾವ ಪ್ರಾಜೆಕ್ಟ್ ನಿಲ್ಲಲಿದೆ, ಮಗುವಿಗೆ ಡೇಕೇರ್ ಎಲ್ಲಿ ಬೇಗ ಸಿಗುತ್ತದೆ, ಇವೆಲ್ಲ ನನಗೆ ಗೊತ್ತಾಗಿದ್ದು ಆ ಮೇಜಿನಲ್ಲೇ, ಮೀಟಿಂಗಿನಲ್ಲಿ ಅಲ್ಲ. ಮ್ಯಾನೇಜರ್ ಪಕ್ಕದಲ್ಲೇ ಕೂತಿರುತ್ತಾರೆ, ಗಾಬರಿ ಬೇಡ. 1960ರ ದಶಕದ ಕೊನೆಯಿಂದ ಈ ದೇಶದಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಏಕವಚನವೇ, ಸರ್ ಮೇಡಂ ಏನೂ ಇಲ್ಲ. ಹವಾಮಾನ, ನಾಯಿ, ಬೇಸಿಗೆ ರಜೆ, ಹಳ್ಳಿಯಲ್ಲಿರುವ ಪುಟ್ಟ ಮರದ ಮನೆಗೆ ಬಣ್ಣ ಹೊಡೆದದ್ದು, ಇಂಥ ಮಾತುಗಳೇ ಜಾಸ್ತಿ. ಸಂಬಳ ಎಷ್ಟು, ಮದುವೆ ಯಾಕೆ ಆಗಿಲ್ಲ ಅಂತ ಕೇಳಲು ಹೋಗಬೇಡಿ. ಕುಡಿದ ಕಪ್ಪನ್ನು ನೀವೇ ಡಿಶ್‌ವಾಷರ್‌ಗೆ ಇಡಿ. "ನಿನ್ನ ಅಮ್ಮ ಇಲ್ಲಿ ಕೆಲಸಕ್ಕಿಲ್ಲ" ಅಂತ ಸಿಂಕಿನ ಮೇಲೆ ಚೀಟಿ ಅಂಟಿಸಿರುವುದನ್ನು ಬೇಗನೇ ನೋಡುತ್ತೀರಿ.

ಇನ್ನು ಕಾಫಿಯ ರುಚಿ. ಮೊದಲ ಗುಟುಕಿಗೆ ಮುಖ ಕಿವುಚಿಕೊಳ್ಳುತ್ತೀರಿ, ಅದರಲ್ಲಿ ನಿಮ್ಮ ತಪ್ಪಿಲ್ಲ. ಇಲ್ಲಿ ಬಹುತೇಕ ಅರೇಬಿಕಾ, ಹುರಿಯುವುದು ಹದವಾಗಿ, ಕಾಗದದ ಫಿಲ್ಟರಿನಲ್ಲಿ ಇಳಿಸುವುದು. ಅದಕ್ಕೇ ತೆಳುವಾಗಿ, ಸ್ವಲ್ಪ ಹುಳಿಯಾಗಿ ಇರುತ್ತದೆ. ನಮ್ಮದರಲ್ಲಿ ರೋಬಸ್ಟಾ ಇರುತ್ತದೆ, ಚಿಕೋರಿ ಇರುತ್ತದೆ, ಅರ್ಧಕ್ಕೂ ಜಾಸ್ತಿ ಬಿಸಿ ಹಾಲು ಇರುತ್ತದೆ. ಎರಡಕ್ಕೂ ಕಾಫಿ ಅಂತ ಒಂದೇ ಹೆಸರು ಇಟ್ಟಿದ್ದೇ ತಕರಾರಿಗೆ ಮೂಲ ಅಂತ ನನ್ನ ಅಭಿಪ್ರಾಯ. ಮಜಾ ಅಂದರೆ ಇದೇ ದೇಶ 1756ರಲ್ಲಿ ಕಾಫಿಯನ್ನು ನಿಷೇಧಿಸಿತ್ತು. ಆಮೇಲೂ ಹಲವು ಸಲ ನಿಷೇಧ ಬಂತು, ಜನ ಕದ್ದು ಕುಡಿದರು, ನಿಷೇಧವೇ ಸೋತಿತು. ಈಗ ಜಗತ್ತಿನಲ್ಲೇ ಅತಿ ಹೆಚ್ಚು ಕಾಫಿ ಕುಡಿಯುವವರ ಸಾಲಿನಲ್ಲಿ ಇವರೂ ಇದ್ದಾರೆ.

ಹೊರಗೆ ಕುಡಿಯುವಾಗ ಪೋತೋರ್ ಅನ್ನುವ ಪದ ತಿಳಿದಿರಲಿ. ಅಂದರೆ ಎರಡನೇ ಕಪ್. ಎಷ್ಟೋ ಕಡೆ ಮಾಮೂಲಿ ಬ್ರಿಗ್‌ಕಫೆಗೆ, ಅಂದರೆ ಫಿಲ್ಟರಿನಲ್ಲಿ ಇಳಿಸಿದ ಕಾಫಿಗೆ, ಇದು ಬಿಟ್ಟಿ, ಲ್ಯಾಟೆ ಕಪುಚಿನೋಗೆ ಇಲ್ಲ. ಮಧ್ಯಾಹ್ನದ ಊಟದ ಬೆಲೆಯಲ್ಲೂ ಸಾಮಾನ್ಯವಾಗಿ ಕಾಫಿ ಸೇರಿರುತ್ತದೆ, ಬಿಟ್ಟು ಬರಬೇಡಿ. ನೋಟು ತೆಗೆದುಕೊಳ್ಳದ ಕೆಫೆಗಳು ತುಂಬಾ ಇವೆ, ಕಾರ್ಡ್ ಇಟ್ಟುಕೊಳ್ಳಿ. ಮತ್ತೆ, "ಇಲ್ಲ ಇಲ್ಲ, ನಾನು ಕೊಡ್ತೀನಿ" ಅಂತ ಕೌಂಟರಿನ ಮುಂದೆ ಕೈ ಹಿಡಿದು ಎಳೆದಾಡುವ ನಮ್ಮ ಆಟ ಇಲ್ಲಿ ನಡೆಯುವುದಿಲ್ಲ. ಅವರವರದು ಅವರವರೇ. ನಾನು ಒಂದು ಸಲ ಎಲ್ಲರದೂ ಕೊಟ್ಟೆ. ಸಂಜೆಯೊಳಗೆ ನಾಲ್ಕು ಜನ ಸ್ವಿಶ್ ಆ್ಯಪಿನಲ್ಲಿ ತಮ್ಮ ತಮ್ಮ ಪಾಲು ಒಂದು ಕ್ರೋನಾ ಹೆಚ್ಚಿಲ್ಲ ಕಡಿಮೆಯಿಲ್ಲ ಹಾಗೆ ಕಳಿಸಿದ್ದರು.

ಮನೆಯಲ್ಲಿ ಕಾಫಿ ಮಾಡುವವರಿಗೆ ಮೊದಲ ಗುಂಡಿ ಹಾಲಿನ ಅಂಗಡಿಯಲ್ಲೇ. ನಂದಿನಿಯ ನೀಲಿ ಪ್ಯಾಕೆಟ್ ಕಣ್ಣಿಗೆ ಕೂತಿರುತ್ತದೆ ಅಲ್ವಾ? ಇಲ್ಲೂ ಕೈ ತಾನಾಗಿ ನೀಲಿ ಡಬ್ಬಕ್ಕೆ ಹೋಗುತ್ತದೆ. ನಂದಿನಿ ನೀಲಿಯಲ್ಲಿ ಕೊಬ್ಬು ಶೇಕಡಾ 3, ಇಲ್ಲಿನ ನೀಲಿಯಲ್ಲಿ ಬರೀ 0.5. ಕಾಫಿಗೆ ಹಾಕಿದರೆ ಪಾತ್ರೆ ತೊಳೆದ ನೀರು. ಹಸಿರು ಡಬ್ಬ ಶೇಕಡಾ 1.5. ನಿಮಗೆ ಬೇಕಾದದ್ದು ಕೆಂಪು, ಅದು ಶೇಕಡಾ 3. ಅದರ ಪಕ್ಕದಲ್ಲೇ, ಅದೇ ಆಕಾರದ ಡಬ್ಬದಲ್ಲಿ ಫಿಲ್‌ಮ್ಯೋಲ್ಕ್ ಅಂತ ಒಂದು ಇರುತ್ತದೆ. ಹೆಸರಿನಲ್ಲಿ ಹಾಲಿದ್ದರೂ ಅದು ಹುಳಿ ಹಾಲು, ಹೆಚ್ಚುಕಡಿಮೆ ನಮ್ಮ ತೆಳು ಮೊಸರು. ನಾನು ಬಂದ ವಾರವೇ ಅದನ್ನು ಡಿಕಾಕ್ಷನ್‌ಗೆ ಸುರಿದವನು. ಎಸೆಯಬೇಡಿ, ಒಗ್ಗರಣೆ ಹಾಕಿದರೆ ಒಳ್ಳೆ ಮಜ್ಜಿಗೆ ಆಗುತ್ತದೆ.

ಊರಿಂದ ಕಾಫಿಪುಡಿ ತರಬಹುದು. ಪೇಡ, ಖೋವಾ ಥರದ ಹಾಲಿನ ಪದಾರ್ಥಗಳನ್ನು ಮಾತ್ರ ಭಾರತದಿಂದ ಯುರೋಪಿಯನ್ ಒಕ್ಕೂಟದೊಳಗೆ ತರುವಂತಿಲ್ಲ. ಅಮ್ಮ ಎಷ್ಟೇ ಒತ್ತಾಯ ಮಾಡಿದರೂ ಸೂಟ್‌ಕೇಸಿನಲ್ಲಿ ಆ ಜಾಗ ಪುಡಿಗೆ ಕೊಡಿ. ಪುಡಿ ಮುಗಿದರೆ ಇಲ್ಲಿನ ಮೋರ್ಕ್‌ರೊಸ್ಟ್, ಅಂದರೆ ಕಪ್ಪಗೆ ಹುರಿದದ್ದು, ತೆಗೆದುಕೊಳ್ಳಿ. ಚಿಕೋರಿ ಇಲ್ಲದ ಪುಡಿಯಲ್ಲಿ ನೀರು ಸರ್ರನೆ ಇಳಿದುಬಿಡುತ್ತದೆ, ಹಾಗಾಗಿ ಪುಡಿ ಒಂದು ಚಮಚ ಜಾಸ್ತಿ ಹಾಕಿ, ಚೆನ್ನಾಗಿ ಒತ್ತಿ, ನೀರು ಕಡಿಮೆ ಹಾಕಿ. ಪ್ಯಾಕೆಟ್ ಮೇಲೆ 'ಕೋಕ್' ಅಂತ ಇದ್ದರೆ ಬಿಡಿ, ಅದು ಕುದಿಸುವ ಕಾಫಿಯ ತರಿ ಪುಡಿ. ಹಾಲು ಕಾಯಿಸುವ ಪಾತ್ರೆ ತರುವ ಮುಂಚೆ ಅದರ ತಳಕ್ಕೆ ಮ್ಯಾಗ್ನೆಟ್ ಅಂಟುತ್ತದಾ ನೋಡಿ, ಅಂಟದಿದ್ದರೆ ಇಂಡಕ್ಷನ್ ಒಲೆ ಮೇಲೆ ಅದು ಬಿಸಿಯಾಗುವುದಿಲ್ಲ.

ಯಾರಾದರೂ ಮನೆಗೆ ಫೀಕಾಗೆ ಕರೆದರೆ, ಎರಡು ಗಂಟೆಗೆ ಅಂದರೆ ಸರಿಯಾಗಿ ಎರಡು ಗಂಟೆಗೇ ಹೋಗಿ. ಚಪ್ಪಲಿ ಹೊರಗೆ ಬಿಡುವುದು ನಮ್ಮ ಹಾಗೇ. ಆದರೆ ಉಪಚಾರ ನಮ್ಮ ಹಾಗಲ್ಲ. ಮೊದಲ ಸಲ ಪಕ್ಕದ ಮನೆಯ ಅಜ್ಜಿ ಕಾಫಿ ಬೇಕಾ ಅಂದರು. ನಾನು ಸಂಕೋಚಕ್ಕೆ "ಬೇಡ, ಈಗ ತಾನೇ ಕುಡಿದು ಬಂದೆ" ಅಂದೆ. ನಮ್ಮೂರಲ್ಲಾದರೆ ಬೇಡ ಅನ್ನುವಷ್ಟರಲ್ಲಿ ಲೋಟ ಕೈಗೆ ಬಂದಿರುತ್ತದೆ. ಆ ಅಜ್ಜಿ ಸರಿ ಅಂದು ತಮಗೆ ಬಗ್ಗಿಸಿಕೊಂಡರು. ಡಿಸೆಂಬರ್ ತಿಂಗಳು, ಮೂರು ಗಂಟೆಗೆಲ್ಲ ಸೂರ್ಯ ಮುಳುಗಿ ಆಗಿತ್ತು, ಕಿಟಕಿಯಲ್ಲಿ ದೀಪ ಉರಿಯುತ್ತಿತ್ತು, ಬಿಸಿ ಬನ್ನಿನ ಘಮ ಬೇರೆ. ಒಂದು ಗಂಟೆ ನಾನು ಅವರ ಕಪ್ ನೋಡುತ್ತಾ ಕೂತಿದ್ದೆ. ಇಲ್ಲಿ ಯಾರೂ ಎರಡನೇ ಸಲ ಒತ್ತಾಯ ಮಾಡುವುದಿಲ್ಲ. ಬೇಕಾದರೆ ಬೇಕು ಅನ್ನಿ.

ಕೊನೆಗೆ ನಿಮ್ಮ ಸರದಿ. ತುಂಬಾ ಆಫೀಸುಗಳಲ್ಲಿ ಶುಕ್ರವಾರದ ಫೀಕಾಗೆ ಪಾಳಿ ಪ್ರಕಾರ ಒಬ್ಬೊಬ್ಬರು ತಿಂಡಿ ತರಬೇಕು. ಅಂಗಡಿಯ ಕನೇಲ್‌ಬುಲ್ಲೆ, ಅಂದರೆ ದಾಲ್ಚಿನ್ನಿ ಬನ್, ತಂದರೂ ನಡೆಯುತ್ತದೆ. ಅಕ್ಟೋಬರ್ 4 ಅದರದ್ದೇ ದಿನ, ಅವತ್ತು ಬೇರೇನೂ ತರಬೇಡಿ. ಮೊಟ್ಟೆ ತಿನ್ನದವರು ಗಮನಿಸಿ, ಬನ್ನಿನ ಮೇಲೆ ಹೊಳಪಿಗೆ ಸಾಮಾನ್ಯವಾಗಿ ಮೊಟ್ಟೆ ಸವರಿರುತ್ತಾರೆ. ಓಟ್ಸ್, ಬೆಣ್ಣೆ, ಕೋಕೋ ಕಲಸಿ ಕಟ್ಟುವ ಚೊಕ್ಲಾದ್‌ಬೊಲ್ ಅನ್ನುವ ಉಂಡೆಗೆ ಮಾಮೂಲಾಗಿ ಮೊಟ್ಟೆ ಹಾಕುವುದಿಲ್ಲ, ಬೇಯಿಸುವುದೂ ಇಲ್ಲ.

ನಾನು ಮಾತ್ರ ರವೆ ಉಂಡೆ ಒಯ್ಯುತ್ತೇನೆ. ಬನ್ನಿಗೆ ಏಲಕ್ಕಿ ಹಾಕುವ ಜನ ಇವರು, ಡಬ್ಬಿ ತೆಗೆದ ತಕ್ಷಣ "ಕಾರ್ಡೆಮುಮ್ಮಾ!" ಅಂತ ಹತ್ತಿರ ಬರುತ್ತಾರೆ. ತಲೆಗೆ ಎರಡು ಲೆಕ್ಕ ಹಾಕಿ. ಗೋಡಂಬಿ, ದ್ರಾಕ್ಷಿ ಏನೇನಿದೆ ಅಂತ ಚೀಟಿ ಬರೆದು ಡಬ್ಬಿ ಪಕ್ಕ ಇಡಿ, ಬೀಜಗಳ ಅಲರ್ಜಿ ಇರುವವರು ಒಬ್ಬರಾದರೂ ಇರುತ್ತಾರೆ.