ವಿಮಾನ ತಪ್ಪೋದು ಕೊಡಂಗಲ್‌ನಾಗ

ಕಲಬುರಗಿಯ ಸ್ಟೇಷನ್ ರಸ್ತೆಯ ಸಣ್ಣ ಆಫೀಸಿನಲ್ಲಿ ಕೂತು ವಿಮಾನದ ಟಿಕೆಟ್ ಮಾಡಿಕೊಡುವುದು ನನ್ನ ಕೆಲಸ. 2019ರ ನವೆಂಬರಿನಲ್ಲಿ ಶ್ರೀನಿವಾಸ ಸರಡಗಿ ಹತ್ತಿರ ನಮ್ಮೂರಿಗೂ ವಿಮಾನ ನಿಲ್ದಾಣ ಬಂತು, ನಿಜ. ಆದರೂ ದುಬೈ, ಜೆದ್ದಾ, ದಿಲ್ಲಿ ಅಂದವರನ್ನು ನಾನು ಕಳಿಸುವುದು ಹೈದರಾಬಾದಿನ ಶಂಶಾಬಾದಿಗೇ. ಇನ್ನೂರು ಕಿಲೋಮೀಟರಿಗೂ ಮಿಕ್ಕಿದ ರಸ್ತೆ. ಹಾಗಾಗಿ ವಿಮಾನ ತಪ್ಪಿಸಿಕೊಂಡವರ ಫೋನು ನನಗೆ ಹೊಸದಲ್ಲ. ಆದರೆ ಬಹಳ ಮಂದಿ ಫೋನ್ ಮಾಡುವುದು ಮಾಡಲು ಏನೂ ಉಳಿಯದ ಹೊತ್ತಿಗೆ.

"ಅಣ್ಣಾ, ಕೌಂಟರ್ ಬಂದ್ ಆಗ್ಯಾದಂತ್ರೀ. ವಿಮಾನ ಬಿಡ್ಲಾಕ ಇನ್ನಾ ಐವತ್ತು ನಿಮಿಷ ಅದ. ನೀವರೆ ಒಂದು ಮಾತು ಹೇಳ್ರಿ."

ನಾನು ಯಾರಿಗೆ ಹೇಳಲಿ? ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರಿಗೆ "ಒಬ್ಬರು ಬರ್ಲಾಕತ್ತಾರ್ರೀ" ಅಂದರೆ ಎರಡು ನಿಮಿಷ ನಿಲ್ಲಿಸುತ್ತಾನೆ. ಅದೇ ರೂಢಿ ನಮಗೆ. ವಿಮಾನದ ಟಿಕೆಟ್ಟಿನ ಮೇಲಿರುವುದು ಅದು ನಿಂತ ಜಾಗ ಬಿಟ್ಟು ಕದಲುವ ಸಮಯ. ದೇಶದೊಳಗಿನ ವಿಮಾನಕ್ಕೆ ದೊಡ್ಡ ನಿಲ್ದಾಣಗಳಲ್ಲಿ ಸಾಮಾನ್ಯವಾಗಿ 60 ನಿಮಿಷ ಮೊದಲೇ ಕೌಂಟರ್ ಮುಚ್ಚುತ್ತದೆ. ವಿದೇಶಕ್ಕೆ 60ರಿಂದ 75 ನಿಮಿಷ. ಒಳಗಿನ ಬೋರ್ಡಿಂಗ್ ಗೇಟು ಸುಮಾರು 25 ನಿಮಿಷ ಮೊದಲು. ಕೌಂಟರ್ ಮುಚ್ಚಿದ ಮೇಲೆ ಎಷ್ಟು ಜನ, ಎಷ್ಟು ಬ್ಯಾಗು, ಎಷ್ಟು ಇಂಧನ ಎಂದು ತೂಕದ ಲೆಕ್ಕದ ಹಾಳೆ ತಯಾರಾಗುತ್ತದೆ. ಅದು ಪೈಲಟ್ ಕೈಗೆ ಹೋಗದೆ ವಿಮಾನ ಕದಲುವುದಿಲ್ಲ. ಬ್ಯಾಗ್ ಕೊಟ್ಟು ಬೋರ್ಡಿಂಗ್ ಪಾಸ್ ತಗೊಂಡವರು ಗೇಟಿಗೆ ಬರದಿದ್ದರೆ ಅವರ ಬ್ಯಾಗನ್ನು ಹುಡುಕಿ ಕೆಳಗಿಳಿಸಲೇಬೇಕು. 1985ರ ಜೂನ್ 23ರಂದು ಏರ್ ಇಂಡಿಯಾದ 'ಕನಿಷ್ಕ' ಐರ್ಲೆಂಡ್ ಹತ್ತಿರ ಸಮುದ್ರದ ಮೇಲೆ ಸಿಡಿದು 329 ಜನ ಸತ್ತರಲ್ಲ, ಆ ಬಾಂಬು ವಿಮಾನ ಹತ್ತಿದ್ದು ಪ್ರಯಾಣಿಕನಿಲ್ಲದ ಒಂದು ಬ್ಯಾಗಿನಲ್ಲಿ. ಹೀಗಿರುವಾಗ ಕೌಂಟರಿನ ಹುಡುಗಿಯ ಮೇಲೆ ಕೂಗಾಡಿ ಏನೂ ಆಗುವುದಿಲ್ಲ. ಮುಚ್ಚಿದ್ದನ್ನು ತೆರೆಯುವ ಅಧಿಕಾರ ಆಕೆಗಿಲ್ಲ.

ಅದಕ್ಕೇ ನನ್ನ ಗಿರಾಕಿಗಳಿಗೆಲ್ಲ ಹೇಳಿಟ್ಟಿದ್ದೇನೆ: ಕೊಡಂಗಲ್ ದಾಟುವಾಗ ನನಗೊಂದು ಫೋನ್ ಹಾಕ್ರಿ. ಸೇಡಂ ರಸ್ತೆಯಲ್ಲಿ ಹೋದರೆ ಕೊಡಂಗಲ್ ಹೆಚ್ಚುಕಡಿಮೆ ಅರ್ಧ ದಾರಿ. ಅಲ್ಲಿಂದ ಪರಗಿ, ಚೇವೆಳ್ಳ, ಅಪ್ಪಾ ಜಂಕ್ಷನ್, ರಿಂಗ್ ರಸ್ತೆ ಹತ್ತಿ ಶಂಶಾಬಾದ್. ಟಿಕೆಟ್ ಬದಲಿಸಲು ಅಥವಾ ರದ್ದು ಮಾಡಲು ಪ್ರತಿ ಕಂಪನಿಗೂ ಒಂದು ಗಡುವಿದೆ. ಹೆಚ್ಚಾಗಿ ದೇಶದೊಳಗೆ ಎರಡು-ಮೂರು ಗಂಟೆ ಮೊದಲು, ವಿದೇಶಕ್ಕೆ ಅದಕ್ಕೂ ಮುಂಚೆ. ಆ ಗಡುವಿನೊಳಗೆ ಟಿಕೆಟ್ಟಿಗೆ ಇನ್ನೂ ಜೀವ ಇರುತ್ತದೆ: ದಂಡ ಕಟ್ಟಿ, ದರದ ವ್ಯತ್ಯಾಸ ಕೊಟ್ಟು ಮುಂದಿನ ವಿಮಾನಕ್ಕೆ ಹಾಕಬಹುದು. ಗಡುವು ದಾಟಿತೋ, 'ನೋ ಶೋ', ಅಂದರೆ ಪ್ರಯಾಣಿಕ ಬರಲೇ ಇಲ್ಲ ಅಂತ ಬಿದ್ದು ಮೂಲ ದರವೆಲ್ಲ ಹೋಗುತ್ತದೆ. ಮುಟ್ಟುತ್ತೀರೋ ಇಲ್ಲವೋ ಎಂದು ಕೊಡಂಗಲ್‌ನಲ್ಲಿ ಗೂಗಲ್ ಮ್ಯಾಪ್ ನೋಡಿದರೆ ಗೊತ್ತಾಗುತ್ತದೆ. ಆದರೆ ಆಸೆ ಬಿಡಬೇಕಲ್ಲ! "ಡ್ರೈವರ್ ಹೊಡೀತಾನ್ರೀ, ಮುಟ್ತೀವಿ" ಅನ್ನುವವರೇ ಹೆಚ್ಚು. ಆ ರಸ್ತೆಯಲ್ಲಿ ಹೊಡೆಯುವುದೂ ಬೇಡ. ಮಳಖೇಡ, ಸೇಡಂ ಸುತ್ತ ಸಿಮೆಂಟ್ ಲಾರಿಗಳ ಸಾಲು, ಚೇವೆಳ್ಳ ಕಡೆ ಆಲದಮರಗಳ ನಡುವಿನ ರಸ್ತೆ. ಜೋರು ಮಳೆಗಾಲದಲ್ಲಿ ಮಳಖೇಡದ ಹತ್ತಿರ ಕಾಗಿಣಾ ನೀರು ಸೇತುವೆ ಮೇಲೆ ಬಂದರೆ ದಾರಿಯೇ ಬಂದ್. ಅಂಥ ದಿನ ಹುಮನಾಬಾದ್, ಜಹೀರಾಬಾದ್, ಸಂಗಾರೆಡ್ಡಿ ಮೇಲೆ ಸುತ್ತಿ ಹೋಗಬೇಕು, ಮನೆಯಿಂದಲೇ ಬೇಗ ಹೊರಡಬೇಕು.

ಕೊಡಂಗಲ್ ಫೋನಿನಿಂದ ವಿಮಾನವೇ ಸಿಕ್ಕಿದ್ದೂ ಉಂಟು. ಪುಣೆಗೆ ಇಂಟರ್‌ವ್ಯೂಗೆ ಹೊರಟ ಹುಡುಗ, ಟೈರ್ ಪಂಕ್ಚರ್ ಆಗಿ ಹಿಂದೆ ಬಿದ್ದಿದ್ದ. ಲೆಕ್ಕ ಹಾಕಿದರೆ ಕೌಂಟರ್ ಮುಚ್ಚುವ ಹೊತ್ತಿಗೆ ಮುಟ್ಟುವುದಿಲ್ಲ, ಗೇಟು ಮುಚ್ಚುವುದರೊಳಗೆ ಮುಟ್ಟಬಹುದು. ವೆಬ್ ಚೆಕ್-ಇನ್ ಮೊದಲೇ ಮಾಡಿಕೊಟ್ಟಿದ್ದೆ. "ದೊಡ್ಡ ಬ್ಯಾಗ್ ಯಾಕ ಬೇಕೋ ನಿನಗ? ಡ್ರೈವರ್ ಕೈಯಾಗ ಕೊಟ್ಟು ಕಳಿಸು" ಅಂದೆ. ಗಾಡಿಯಲ್ಲೇ ಬ್ಯಾಗ್ ಬಿಚ್ಚಿ ಫೈಲು, ಒಂದು ಜೊತೆ ಬಟ್ಟೆ, ಚಾರ್ಜರ್ ಲ್ಯಾಪ್‌ಟಾಪ್ ಚೀಲಕ್ಕೆ ತುರುಕಿಕೊಂಡ. ಅವರವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಡ್ರೈವರಿಗೇ ಉಳಿದವು. ಕೌಂಟರ್ ಕಡೆ ತಿರುಗಿಯೂ ನೋಡದೆ ಸೀದಾ ತಪಾಸಣೆ ಸಾಲಿಗೆ ಹೋದ, ಹತ್ತಿದ. ಬ್ಯಾಗ್ ಕೊಡುವುದಿದ್ದರೆ ವೆಬ್ ಚೆಕ್-ಇನ್ ಮಾಡಿದವರಿಗೂ ಕೌಂಟರಿನ ಗಡುವೇ ಗಡುವು. ಇದು ಬಹಳ ಜನಕ್ಕೆ ತಲೆಗೆ ಹೋಗುವುದಿಲ್ಲ.

ಗಲ್ಫಿಗೆ ಹೋಗುವವರ ಕಥೆ ಬೇರೆ. ಅವರು ತಡ ಮಾಡುವುದು ಗಂಟೆಯಲ್ಲಲ್ಲ, ಇಡೀ ದಿನ. ಟಿಕೆಟ್ಟಿನ ಮೇಲೆ 12ನೇ ತಾರೀಖು 00:40 ಅಂತಿದ್ದರೆ ಮನೆಯವರೆಲ್ಲ 12ರ ರಾತ್ರಿ ಊಟ ಮಾಡಿ, ಅತ್ತು ಕರೆದು ಬೀಳ್ಕೊಡುತ್ತಾರೆ. ವಿಮಾನ ಹಿಂದಿನ ರಾತ್ರಿಯೇ ಹೋಗಿರುತ್ತದೆ. ಅದಕ್ಕೆ ನಾನು ಪ್ರಿಂಟ್ ಕೊಡುವಾಗ ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಬರೆಯುತ್ತೇನೆ: "11ನೇ ತಾರೀಖು ಮಧ್ಯಾಹ್ನ ಊಟ ಆದ ಮ್ಯಾಲ ಮನಿ ಬಿಡ್ರಿ." ಉಮ್ರಾಕ್ಕೆ ಹೋಗುವ ಹಿರಿಯರಿದ್ದರೆ ಮಗನಿಗೋ ಅಳಿಯನಿಗೋ ಫೋನ್ ಮಾಡಿ ಇನ್ನೊಮ್ಮೆ ಹೇಳುತ್ತೇನೆ. ತಪ್ಪಿಸಿಕೊಂಡವರಿಗೆ ಒಂದು ಸಮಾಧಾನ: ವಿಮಾನ ಹೋದರೆ ವೀಸಾ ಹೋಗುವುದಿಲ್ಲ. ಅದರ ಕೊನೆಯ ತಾರೀಖು ನೋಡಿಕೊಂಡು ಹೊಸ ಟಿಕೆಟ್ ತಗೊಂಡರಾಯಿತು.

ಹೆಚ್ಚು ಹೊಟ್ಟೆ ಉರಿಸುವುದು ಹಿಂತಿರುಗುವ ಟಿಕೆಟ್. ಹೋಗಿಬರುವುದಕ್ಕೆ ಒಂದೇ ಪಿಎನ್‌ಆರ್ ಇದ್ದು, ಹೋಗುವ ವಿಮಾನ ತಪ್ಪಿದರೆ ಎಷ್ಟೋ ಕಂಪನಿಗಳಲ್ಲಿ ಬರುವ ಟಿಕೆಟ್ ತನ್ನಷ್ಟಕ್ಕೇ ರದ್ದಾಗುತ್ತದೆ. ನಮ್ಮವರೊಬ್ಬರು ದಿಲ್ಲಿ ವಿಮಾನ ತಪ್ಪಿಸಿಕೊಂಡು, ಯಾರಿಗೂ ಹೇಳದೆ ಕಲಬುರಗಿಗೆ ವಾಪಸ್ ಬಂದು ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ದಿಲ್ಲಿ ಮುಟ್ಟಿದರು. ಬರುವಾಗ ನಿಲ್ದಾಣಕ್ಕೆ ಹೋದರೆ ಅವರ ಸೀಟು ಬೇರೆಯವರಿಗೆ ಹೋಗಿತ್ತು. ತಪ್ಪಿದ ಕೂಡಲೇ ಕಂಪನಿಗೆ ಹೇಳಿ "ವಾಪಸ್ ಟಿಕೆಟ್ ಉಳಿಸ್ರಿ" ಅಂತ ಕೇಳಬೇಕು. ದಂಡ ತಗೊಂಡು ಉಳಿಸಿಕೊಟ್ಟಿದ್ದೂ ಇದೆ. ಈಗ ನಾನು ದರ ಒಂದೇ ಇದ್ದರೆ ಹೋಗುವುದು ಬೇರೆ, ಬರುವುದು ಬೇರೆ ಪಿಎನ್‌ಆರ್ ಮಾಡುತ್ತೇನೆ. ಆದರೆ ನಡುವೆ ವಿಮಾನ ಬದಲಿಸುವುದಿದ್ದರೆ ಉಲ್ಟಾ: ಎರಡೂ ಒಂದೇ ಪಿಎನ್‌ಆರ್‌ನಲ್ಲಿರಬೇಕು. ಮೊದಲ ವಿಮಾನವೇ ತಡವಾಗಿ ಎರಡನೆಯದು ತಪ್ಪಿದರೆ ಆಗ ಮುಂದಕ್ಕೆ ಕಳಿಸುವುದು ಕಂಪನಿಯ ಜವಾಬ್ದಾರಿ. ಬೇರೆ ಬೇರೆ ಟಿಕೆಟ್ ಇದ್ದರೆ ಎರಡನೆಯ ಕಂಪನಿಯವರ ಪಾಲಿಗೆ ನೀವೇ ತಡವಾಗಿ ಬಂದವರು.

ಕೊನೆಗೆ ದುಡ್ಡಿನ ಮಾತು. ಟಿಕೆಟ್ 'ನಾನ್ ರಿಫಂಡೆಬಲ್' ಆಗಿದ್ದರೂ, ನೀವು ವಿಮಾನ ಹತ್ತದೇ ಹೋದರೂ, ಸರ್ಕಾರಿ ತೆರಿಗೆ ಮತ್ತು ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕ ವಾಪಸ್ ಕೊಡಬೇಕು. ವಿಮಾನಯಾನ ನಿಯಂತ್ರಕ ಡಿಜಿಸಿಎ ನಿಯಮವೇ ಇದೆ. ಏಜೆಂಟ್ ಮೂಲಕ ಮಾಡಿಸಿದ ಟಿಕೆಟ್ಟಿಗೂ ಹಣ ವಾಪಸ್ ಮಾಡುವ ಹೊಣೆ ಕಂಪನಿಯದೇ. ಮೊತ್ತ ದೊಡ್ಡದಿರುವುದಿಲ್ಲ, ಆದರೆ ಐದು ಜನರ ಕುಟುಂಬಕ್ಕೆ ಹೈದರಾಬಾದಿನ ಗಾಡಿ ಬಾಡಿಗೆಯ ಒಂದು ಪಾಲಾದರೂ ಆಗುತ್ತದೆ. ಕೇಳದಿದ್ದರೆ ಎಷ್ಟೋ ಸಲ ಬರುವುದೇ ಇಲ್ಲ. ಬಂದದ್ದನ್ನು ಗಿರಾಕಿಗೆ ಹೇಳದ ಏಜೆಂಟರೂ ಇದ್ದಾರೆ, ನನ್ನ ಕಸುಬಿನವರೇ. ಟಿಕೆಟ್ ಮಾಡಿಸಿದವರ ಹತ್ತಿರ ಹೋಗಿ "ಟ್ಯಾಕ್ಸ್ ರಿಫಂಡ್ ಹಾಕೀರೇನ್ರಿ?" ಅಂತ ಕೇಳಿ, ಹಾಕಿದ್ದಕ್ಕೆ ಬಂದ ಮೇಲ್ ಕಾಪಿ ವಾಟ್ಸಾಪಿಗೆ ತರಿಸಿಕೊಳ್ಳಿ.