ಮೊದಲ ನೈಟ್ರೋ ಕಾರ್ ಕೊಳ್ಳುವ ಮುಂಚೆ: ಇಂಧನದ ಬಾಟಲಿಯಿಂದ ಶುರು ಮಾಡಿ

ಊರಾಚೆಯ ಹೊಸ ಬಡಾವಣೆಯಲ್ಲಿ ಇನ್ನೂ ಮನೆ ಏಳದ ಸೈಟುಗಳಿವೆ. ಭಾನುವಾರ ಬೆಳಿಗ್ಗೆ ನಾವು ನಾಲ್ಕೈದು ಜನ ಅಲ್ಲಿ ಆರ್‌ಸಿ ಕಾರ್, ಅಂದರೆ ರಿಮೋಟಿನಿಂದ ನಡೆಸುವ ಪುಟ್ಟ ಕಾರ್, ಓಡಿಸುತ್ತೇವೆ. ಆಗಾಗ ಯಾರಾದರೂ ಹೊಚ್ಚ ಹೊಸ ನೈಟ್ರೋ ಕಾರ್ (ಬ್ಯಾಟರಿ ಮೋಟರ್ ಬದಲು ಇಂಧನದ ಸಣ್ಣ ಎಂಜಿನ್ ಇರುವುದು) ಹಿಡಿದುಕೊಂಡು ಬರುತ್ತಾರೆ. ಸ್ಟಾರ್ಟರಿನ ಹಗ್ಗ ಎಳೆದೂ ಎಳೆದೂ ಕೈಯಲ್ಲಿ ಬೊಬ್ಬೆ ಎದ್ದಿರುತ್ತದೆ. ಎಂಜಿನ್ ಮಾತ್ರ ಒಂದು ಸಲವೂ ಸದ್ದು ಮಾಡಿರುವುದಿಲ್ಲ. ಒಂದು ತಿಂಗಳಾಗುವಷ್ಟರಲ್ಲಿ ಅದೇ ಕಾರ್ ಅರ್ಧ ಬೆಲೆಗೆ ಮಾರಾಟಕ್ಕೆ ಬಂದಿರುತ್ತದೆ. ಇದನ್ನು ನೋಡಿದಾಗೆಲ್ಲ ನನಗೆ ಬೇಜಾರಾಗುತ್ತದೆ. ಯಾಕೆಂದರೆ ಹತ್ತರಲ್ಲಿ ಎಂಟು ಸಲ ಕಾರ್ ಚೆನ್ನಾಗಿಯೇ ಇರುತ್ತದೆ, ಕೊಂಡ ಕ್ರಮ ತಪ್ಪಿರುತ್ತದೆ. ಎಲ್ಲರೂ ಮೊದಲು ಕಾರ್ ಕೊಳ್ಳುತ್ತಾರೆ, ಆಮೇಲೆ ಬಿಡಿಭಾಗ ಹುಡುಕುತ್ತಾರೆ, ಕೊನೆಗೆ ಇಂಧನ ಎಲ್ಲಿ ಸಿಗುತ್ತದೆ ಅಂತ ಕೇಳುತ್ತಾರೆ. ನೀವು ಇದನ್ನು ಪೂರ್ತಿ ಉಲ್ಟಾ ಮಾಡಿ.

ಹಂತ 1: ಜಾಗ

ನೈಟ್ರೋ ಎಂಜಿನ್ ಕಿರುಚುತ್ತದೆ, ಹೊಗೆ ಬಿಡುತ್ತದೆ, ಎಣ್ಣೆ ಉಗುಳುತ್ತದೆ. ಕೊಯ್ಲಾದ ಹೊಲವೋ ಖಾಲಿ ಲೇಔಟೋ ಇದ್ದರೆ ಮುಂದೆ ಓದಿ, ಅಪಾರ್ಟ್‌ಮೆಂಟಿನ ಅಂಗಳ ಮಾತ್ರ ಇದ್ದರೆ ಬ್ಯಾಟರಿ ಕಾರ್ ಕೊಳ್ಳಿ.

ಹಂತ 2: ಇಂಧನ

ನೈಟ್ರೋ ಇಂಧನ ಅಂದರೆ ಮೆಥನಾಲ್, ನೈಟ್ರೋಮೀಥೇನ್ ಮತ್ತು ಎಣ್ಣೆಯ ಮಿಶ್ರಣ. ಕಾರಿಗೆ ಸಿಗುವ ಬಾಟಲಿಗಳ ಮೇಲೆ 16, 20, 25 ಅಂತ ಬರೆದಿರುತ್ತದೆ. ಅದು ನೈಟ್ರೋಮೀಥೇನ್‌ನ ಶೇಕಡಾ ಪ್ರಮಾಣ. ಮೊದಲ ಕಾರಿಗೆ 16 ಅಥವಾ 20 ಸಾಕು. ಜಾಸ್ತಿ ನೈಟ್ರೋ ಹಾಕಿದರೆ ಜಾಸ್ತಿ ಓಡುತ್ತದೆ ಅಂತ 30 ಹುಡುಕಿಕೊಂಡು ಹೋಗಬೇಡಿ. ಎಂಜಿನ್ ಕಿಟ್‌ನ ಪುಸ್ತಕದಲ್ಲಿ ಏನು ಹೇಳಿದೆಯೋ ಅದನ್ನೇ ಹಾಕಿ.

ಪೆಟ್ರೋಲಿಗೆ ಟೂ ಟಿ ಎಣ್ಣೆ ಬೆರೆಸಿ ಹಾಕಿದರೆ ನಡೆಯುತ್ತದೆ ಅಂತ ಹೇಳುವವರು ಎಲ್ಲ ಊರಲ್ಲೂ ಇದ್ದಾರೆ. ನಡೆಯುವುದಿಲ್ಲ. ಸ್ಕೂಟರ್‌ನಲ್ಲಿ ಸ್ಪಾರ್ಕ್ ಪ್ಲಗ್ ಪ್ರತಿ ಸುತ್ತಿಗೂ ಕಿಡಿ ಹಾರಿಸುತ್ತದೆ. ಇಲ್ಲಿರುವುದು ಗ್ಲೋ ಪ್ಲಗ್. ಅದರೊಳಗೆ ಪ್ಲಾಟಿನಂ ಬೆರೆತ ಸಣ್ಣ ತಂತಿಯ ಸುರುಳಿ ಇರುತ್ತದೆ. ಶುರು ಮಾಡುವಾಗ ಮಾತ್ರ ಸುಮಾರು ಒಂದೂವರೆ ವೋಲ್ಟ್‌ನ ಇಗ್ನೈಟರ್ ಇಟ್ಟು ಅದನ್ನು ಕೆಂಪಾಗಿಸುತ್ತೇವೆ. ಎಂಜಿನ್ ಹತ್ತಿಕೊಂಡ ಮೇಲೆ ಇಗ್ನೈಟರ್ ತೆಗೆದರೂ ಮೆಥನಾಲ್ ಆ ಪ್ಲಾಟಿನಂಗೆ ತಾಗಿದಾಗ ಹುಟ್ಟುವ ಶಾಖ ಮತ್ತು ಪ್ರತಿ ಸುತ್ತಿನ ಉರಿ ಸೇರಿ ಸುರುಳಿ ಕೆಂಪಾಗಿಯೇ ಉಳಿಯುತ್ತದೆ. ಪೆಟ್ರೋಲಿನ ಜೊತೆ ಈ ಕೆಲಸ ಆಗುವುದಿಲ್ಲ.

ಹಾಗಾಗಿ ಕಾರ್ ನೋಡುವ ಮುಂಚೆ ನಿಮ್ಮ ಊರಿಗೆ ಹತ್ತಿರದ ಹಾಬಿ ಅಂಗಡಿಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ. ಕಾರ್ ಇಂಧನ ಈಗ ಇದೆಯಾ? ಮುಂದಿನ ತಿಂಗಳೂ ಇರುತ್ತದಾ? ಇದು ಬೇಗ ಹೊತ್ತಿಕೊಳ್ಳುವ ದ್ರವ, ವಿಮಾನದ ಕೊರಿಯರ್‌ನಲ್ಲಿ ಬರುವುದಿಲ್ಲ. ಬೇರೆ ಊರಿಂದ ತರಿಸುವುದು ಆನ್‌ಲೈನಿನಲ್ಲಿ ಶರ್ಟ್ ತರಿಸಿದಷ್ಟು ಸುಲಭ ಅಲ್ಲ. ಕೆಲವು ಅಂಗಡಿಗಳಲ್ಲಿ ಏರೋಮಾಡೆಲಿಂಗ್ (ಮಾದರಿ ವಿಮಾನದ) ಇಂಧನ ಕೊಟ್ಟು ಇದೂ ಒಂದೇ ಅನ್ನುತ್ತಾರೆ. ವಿಮಾನದ ಇಂಧನದಲ್ಲಿ ಸಾಮಾನ್ಯವಾಗಿ ನೈಟ್ರೋ ಕಡಿಮೆ, ಎಣ್ಣೆ ಜಾಸ್ತಿ. ಕಲಿಯುವವರಿಗೆ ಅದರಲ್ಲಿ ಟ್ಯೂನಿಂಗ್ ಮಾಡುವುದು ಸುಮ್ನೆ ತಲೆನೋವು.

ಲೆಕ್ಕವನ್ನೂ ಹಾಕಿಕೊಳ್ಳಿ. 1:10 ಅಳತೆಯ (ನಿಜವಾದ ಕಾರಿನ ಹತ್ತನೇ ಒಂದು ಭಾಗದಷ್ಟಿರುವ) ಕಾರಿನ ಟ್ಯಾಂಕ್ ಸುಮಾರು 75 ಸಿಸಿ. ಒಂದು ಟ್ಯಾಂಕ್ ಹತ್ತು ನಿಮಿಷ ಬರಬಹುದು. ಅಂದರೆ ಒಂದು ಲೀಟರಿಗೆ 13 ಟ್ಯಾಂಕ್. ಅದರಲ್ಲಿ ಮೊದಲ ಐದು ಎಂಜಿನ್ ಪಳಗಿಸಲಿಕ್ಕೇ ಹೋಗುತ್ತವೆ.

ಮನೆಯಲ್ಲಿ ಮಕ್ಕಳಿದ್ದರೆ ಬಾಟಲಿಯನ್ನು ಬೀಗದೊಳಗೆ ಇಡಿ. ಕಳ್ಳಭಟ್ಟಿ ದುರಂತಗಳಲ್ಲಿ ಜನರ ಕಣ್ಣು ಕಳೆಯುವುದು ಇದೇ ಮೆಥನಾಲ್. ಹಗಲು ಬೆಳಕಲ್ಲಿ ಇದರ ಬೆಂಕಿ ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ, ಅದಕ್ಕೇ ಮುಚ್ಚಳ ಬಿಗಿಯಾಗಿರಬೇಕು.

ಹಂತ 3: ಬಿಡಿಭಾಗ

ನೀವು ಕಾರನ್ನು ಕಲ್ಲಿಗೋ ಕಂಬಕ್ಕೋ ಗುದ್ದೇ ಗುದ್ದುತ್ತೀರಿ. ಮುರಿಯುವುದು ಮುಂದಿನ ಎ-ಆರ್ಮ್ (ಚಕ್ರವನ್ನು ಹಿಡಿದಿರುವ ತೋಳು), ಸ್ಟೀರಿಂಗ್ ನಕಲ್ (ಚಕ್ರ ಎಡಬಲ ತಿರುಗುವ ಕೀಲು), ಡಾಗ್‌ಬೋನ್ (ಚಕ್ರಕ್ಕೆ ಶಕ್ತಿ ಒಯ್ಯುವ ಕಡ್ಡಿ). ಸವೆಯುವುದು ಸ್ಪರ್ ಗೇರ್ (ದೊಡ್ಡ ಹಲ್ಲುಚಕ್ರ) ಮತ್ತು ಅದನ್ನು ತಿರುಗಿಸುವ ಕ್ಲಚ್ ಬೆಲ್‌ನ ಬೇರಿಂಗ್. ಈ ಐದರ ಬೆಲೆ ಮತ್ತು ದಾಸ್ತಾನು ಕೇಳಿ. ಐದರಲ್ಲಿ ನಾಲ್ಕಾದರೂ ಸಿಗದ ಕಾರನ್ನು ಪುಕ್ಕಟೆ ಕೊಟ್ಟರೂ ನಾನು ತೆಗೆದುಕೊಳ್ಳುವುದಿಲ್ಲ. ಹೆಸರೇ ಇಲ್ಲದ, ಡಬ್ಬಿಯ ಮೇಲೆ ಬೆಂಕಿಯ ಚಿತ್ರ ಮಾತ್ರ ಇರುವ ಕಾರುಗಳು ಇಲ್ಲೇ ಸೋಲುತ್ತವೆ. ಎಚ್‌ಎಸ್‌ಪಿಯಂಥ ಚೀನಾ ಕಾರುಗಳಿಗೆ ಇದೇ ವಿಷಯದಲ್ಲಿ ಒಂದು ಅನುಕೂಲ ಇದೆ. ಒಂದೇ ಕಾರು ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆ ಹೆಸರಲ್ಲಿ ಮಾರಾಟ ಆಗುತ್ತದೆ, ಹಾಗಾಗಿ ಭಾಗಗಳು ಅಗ್ಗ. ಟ್ರ್ಯಾಕ್ಸಾಸ್, ಕ್ಯೋಶೊ ಕಾರುಗಳು ದುಬಾರಿ, ಆದರೆ ಗಟ್ಟಿ.

ಹಂತ 4: ಅಳತೆ ಮತ್ತು ಎಂಜಿನ್

1:10 ಆಫ್‌ರೋಡ್ ಬಗ್ಗಿ ಅಥವಾ ಟ್ರಕ್, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವಂಥದ್ದು, ಒಂದೇ ಗೇರ್. ಇದೇ ನನ್ನ ಸಲಹೆ. ನೆಲಕ್ಕೆ ಅಂಟಿಕೊಂಡಂತೆ ಓಡುವ ಟೂರಿಂಗ್ ಕಾರ್ ಎಷ್ಟೇ ಚೆಂದ ಕಂಡರೂ ಬೇಡ, ನಮ್ಮ ರಸ್ತೆಯ ಜಲ್ಲಿ ಅದರ ಹೊಟ್ಟೆಯನ್ನು ಕೆರೆದು ಹಾಕುತ್ತದೆ.

ಎಂಜಿನ್ ಮೇಲೆ 15, 18, 21, 28 ಅಂತ ಬರೆದಿರುವುದನ್ನು ಸಿಸಿ ಅಂದುಕೊಳ್ಳುವವರಿದ್ದಾರೆ. ಅದು ಘನ ಇಂಚಿನ ನೂರನೇ ಭಾಗದ ಲೆಕ್ಕ. 15 ಅಂದರೆ ಸುಮಾರು ಎರಡೂವರೆ ಸಿಸಿ, 18 ಅಂದರೆ 3, 21 ಅಂದರೆ ಮೂರೂವರೆ, 28 ಅಂದರೆ 4.6. ಮೊದಲ ಕಾರಿಗೆ 15 ಅಥವಾ 18 ಬೇಕಾದಷ್ಟಾಯಿತು. ಹಗ್ಗ ಎಳೆಯುವ ಸ್ಟಾರ್ಟರ್ ಇದ್ದರೆ ಸಾಕು. ಹಗ್ಗವನ್ನು ಪೂರ್ತಿ ಎಳೆಯಬೇಡಿ, ಗೇಣುದ್ದ ಚುರುಕಾಗಿ ಎಳೆಯಿರಿ. ಎಳೆಯುವಾಗ ಗಟ್ಟಿಯಾಗಿ ನಿಂತುಬಿಟ್ಟರೆ ಎಂಜಿನ್ ಒಳಗೆ ಇಂಧನ ತುಂಬಿಕೊಂಡಿದೆ ಅಂತ ಅರ್ಥ. ಗ್ಲೋ ಪ್ಲಗ್ ಬಿಚ್ಚಿ, ಕಾರನ್ನು ಮಗುಚಿ, ಮುಖ ದೂರ ಇಟ್ಟುಕೊಂಡು ನಾಲ್ಕು ಸಲ ಎಳೆದರೆ ಹೊರಗೆ ಬರುತ್ತದೆ.

ಹಂತ 5: ಎಂಜಿನ್‌ನ ಜೀವ ಎಷ್ಟಿದೆ ಅಂತ ಕೈಯಲ್ಲೇ ನೋಡುವುದು

ಜನ ಅತಿ ಜಾಸ್ತಿ ಮೋಸ ಹೋಗುವ ಜಾಗ ಇದು, ಅದಕ್ಕೆ ನಿಧಾನವಾಗಿ ಹೇಳುತ್ತೇನೆ. ಹೆಚ್ಚಿನವರ ಮೊದಲ ನೈಟ್ರೋ ಕಾರ್ ಸೆಕೆಂಡ್ ಹ್ಯಾಂಡ್ ಆಗಿರುತ್ತದೆ. ಹೊಸ ಟೈರು, ಹೊಳೆಯುವ ಬಾಡಿ ನೋಡಿ ದುಡ್ಡು ಕೊಡುತ್ತಾರೆ. ನನ್ನ ಮೊದಲ ಕಾರನ್ನೂ ನಾನು ಹಾಗೇ ಕೊಂಡೆ. ಎರಡನೇ ವಾರಕ್ಕೆ ಎಂಜಿನ್ ಸತ್ತಿತು.

ಮೊದಲು ಒಂದು ವಿಷಯ ಗೊತ್ತಿರಲಿ. ಈ ಎಂಜಿನ್‌ಗಳಲ್ಲಿ ಪಿಸ್ಟನ್ ರಿಂಗ್ ಇರುವುದಿಲ್ಲ. ಅಲ್ಯೂಮಿನಿಯಂ ಪಿಸ್ಟನ್, ಅದು ಓಡಾಡುವ ಕೊಳವೆ ಕ್ರೋಮ್ ಲೇಪಿಸಿದ ಹಿತ್ತಾಳೆ ಸ್ಲೀವ್. ಸ್ಲೀವ್‌ನ ಮೇಲ್ತುದಿ ಕೂದಲೆಳೆಯಷ್ಟು ಕಿರಿದು. ತಣ್ಣಗಿದ್ದಾಗ ಪಿಸ್ಟನ್ ಮೇಲೆ ಬಂದು ಅಲ್ಲಿ ಕಚ್ಚಿಕೊಳ್ಳುತ್ತದೆ. ಬಿಸಿಯಾದಾಗ ಸ್ಲೀವ್ ಹಿಗ್ಗಿ ಅಳತೆ ಸರಿಹೋಗುತ್ತದೆ. ಆ ಕಚ್ಚುವಿಕೆಯೇ ಎಂಜಿನ್‌ನ ಆಯಸ್ಸು.

ಕಾರನ್ನು ಮಗುಚಿ ಹಿಡಿದುಕೊಳ್ಳಿ. ಚಾಸಿಯ (ಕಾರಿನ ತಳದ ತಟ್ಟೆಯ) ಸೀಳಿನಲ್ಲಿ ಫ್ಲೈವೀಲ್, ಅಂದರೆ ಎಂಜಿನ್ ಜೊತೆ ತಿರುಗುವ ಲೋಹದ ಚಕ್ರ, ಕಾಣುತ್ತದೆ. ಗ್ಲೋ ಪ್ಲಗ್ ಹಾಕಿರುವಾಗಲೇ ಹೆಬ್ಬೆರಳಿನಿಂದ ಅದನ್ನು ನಿಧಾನವಾಗಿ ತಿರುಗಿಸಿ. ಸುತ್ತಿನ ಒಂದು ಜಾಗದಲ್ಲಿ ಬೆರಳಿಗೆ ಬಿಗಿ ತಾಗಬೇಕು, ಸ್ಪ್ರಿಂಗಿನ ಹಾಗೆ ವಾಪಸ್ ತಳ್ಳಬೇಕು. ಎಲ್ಲೂ ತಡೆಯದೆ ಗಿರ್ರನೆ ತಿರುಗಿದರೆ, ಅಥವಾ ಸಣ್ಣಗೆ ಗಾಳಿ ಸೋರುವ ಸದ್ದು ಬಂದು ಒತ್ತಡ ಕರಗಿಹೋದರೆ, ಪಿಸ್ಟನ್ ಮತ್ತು ಸ್ಲೀವ್ ಸವೆದಿವೆ. ಹೊಸ ಎಂಜಿನ್ ಇದಕ್ಕೆ ತದ್ವಿರುದ್ಧ. ತಿರುಗಿಸಲಿಕ್ಕೇ ಆಗದಷ್ಟು ಬಿಗಿ ಇರುತ್ತದೆ. ಜಾಮ್ ಆಗಿದೆ ಅಂತ ಇಕ್ಕಳ ಹಾಕಿ ತಿರುಚಿ ಹಾಳು ಮಾಡಿದವರನ್ನು ನಾನೇ ಕಂಡಿದ್ದೇನೆ. ಅದು ಜಾಮ್ ಅಲ್ಲ, ಒಳ್ಳೆಯ ಲಕ್ಷಣ. ಹೇರ್ ಡ್ರೈಯರ್‌ನಿಂದ ಹೆಡ್ (ಎಂಜಿನ್‌ನ ಮೇಲ್ಭಾಗ) ಬಿಸಿ ಮಾಡಿದರೆ ಸಡಿಲವಾಗುತ್ತದೆ.

ಆಮೇಲೆ ಫ್ಲೈವೀಲನ್ನು ಎರಡು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಹಿಂದೆ ಮುಂದೆ ಕೂದಲೆಳೆಯಷ್ಟು ಸರಿದರೆ ಪರವಾಗಿಲ್ಲ. ಮೇಲೆ ಕೆಳಗೆ ಅಲ್ಲಾಡಿದರೆ ಬೇರಿಂಗ್ ಹೋಗಿದೆ. ಮೆಥನಾಲ್ ತೇವ ಎಳೆಯುತ್ತದೆ ಅಂದೆನಲ್ಲ, ಓಡಿಸಿದ ಮೇಲೆ ಎಣ್ಣೆ ಬಿಡದೆ ಇಟ್ಟ ಎಂಜಿನ್‌ನಲ್ಲಿ ಬೇರಿಂಗ್ ತುಕ್ಕು ಹಿಡಿದಿರುತ್ತದೆ.

ಈಗ ಏರ್ ಫಿಲ್ಟರ್ ಕಿತ್ತು ಕಾರ್ಬ್ಯುರೇಟರಿನ ಬಾಯಿಯೊಳಗೆ ಕಿರುಬೆರಳು ಆಡಿಸಿ. ಬೆರಳಿಗೆ ಬರೀ ಎಣ್ಣೆ ಹತ್ತಿದರೆ ಸರಿ. ಕೆಂಪು ಮಣ್ಣಿನ ಪುಡಿ ಹತ್ತಿದರೆ ಕಾರನ್ನು ಅಲ್ಲೇ ಇಟ್ಟು ಬನ್ನಿ, ಬೆಲೆ ಇಳಿಸಿದರೂ ಬೇಡ. ನಮ್ಮ ಕಡೆಯ ಈ ಮಣ್ಣು ಒಳಗೆ ಹೋದರೆ ಉಪ್ಪುಕಾಗದದ ಹಾಗೆ ಸ್ಲೀವನ್ನು ಉಜ್ಜಿಬಿಡುತ್ತದೆ. ಫಿಲ್ಟರಿನ ಸ್ಪಂಜಿಗೆ ಫಿಲ್ಟರ್ ಎಣ್ಣೆ ಹಾಕಿ ಹಿಂಡಿರಬೇಕು. ಒಣ ಸ್ಪಂಜು ಧೂಳನ್ನು ತಡೆಯುವುದಿಲ್ಲ.

ಕೊನೆಯದು ಎಲ್ಲಕ್ಕಿಂತ ಮುಖ್ಯ. ಎಂಜಿನ್ ಚಾಲೂ ಮಾಡಿ ತೋರಿಸಿದ ಕೂಡಲೇ ಖುಷಿಯಾಗಿ ದುಡ್ಡು ಕೊಡಬೇಡಿ. ಸವೆದ ಎಂಜಿನ್ ಕೂಡ ತಣ್ಣಗಿದ್ದಾಗ ಹತ್ತಿಕೊಳ್ಳುತ್ತದೆ. ಹತ್ತು ನಿಮಿಷ ಓಡಿಸಲು ಹೇಳಿ. ನಿಲ್ಲಿಸಲು ಹೇಳಿ. ಬಿಸಿ ಇರುವಾಗಲೇ ಮತ್ತೆ ಚಾಲೂ ಮಾಡಲು ಹೇಳಿ. ಸ್ಲೀವ್ ಹಿಗ್ಗಿರುವಾಗ ಸವೆದ ಪಿಸ್ಟನ್‌ಗೆ ಒತ್ತಡ ಹಿಡಿಯಲು ಆಗುವುದಿಲ್ಲ, ಹಗ್ಗ ಎಷ್ಟು ಎಳೆದರೂ ಹತ್ತುವುದಿಲ್ಲ. ಮಾರುವವರು "ಬಿಸಿ ಇದೆ, ತಣ್ಣಗಾದ ಮೇಲೆ ಹತ್ತುತ್ತೆ" ಅಂದರೆ ನಮಸ್ಕಾರ ಹೇಳಿ ಹೊರಡಿ.

ಹಂತ 6: ಕಾರ್ ಕೈತಪ್ಪದ ಹಾಗೆ

ಎಂಜಿನ್ ಆಫ್ ಇರುವಾಗ, ರಿಮೋಟ್ ಮತ್ತು ಕಾರಿನ ರಿಸೀವರ್ ಎರಡನ್ನೂ ಆನ್ ಮಾಡಿ. ಸ್ವಲ್ಪ ಥ್ರಾಟಲ್ ಒತ್ತಿ ಹಿಡಿದು ರಿಮೋಟ್ ಆಫ್ ಮಾಡಿ. ಸರ್ವೋ (ಥ್ರಾಟಲ್, ಬ್ರೇಕ್ ಎಳೆಯುವ ಸಣ್ಣ ಮೋಟರ್) ತಾನಾಗಿ ಬ್ರೇಕಿನ ಕಡೆ ಹೋಗಬೇಕು. ಇದೇ ಫೇಲ್‌ಸೇಫ್. ಆದರೆ ಇದು ಸಿಗ್ನಲ್ ಹೋದಾಗ ಮಾತ್ರ ಕಾಪಾಡುತ್ತದೆ. ಕಾರಿನೊಳಗಿನ ಬ್ಯಾಟರಿಯೇ ಸತ್ತರೆ ಸರ್ವೋಗೆ ಶಕ್ತಿ ಇರುವುದಿಲ್ಲ, ಥ್ರಾಟಲ್ ತೆರೆದಲ್ಲೇ ನಿಲ್ಲುತ್ತದೆ. ನನ್ನ ಕಾರ್ ಹಾಗೇ ಒಂದು ದಿನ ನೇರ ಓಡಿ ಕಾಂಪೌಂಡ್ ಗೋಡೆಗೆ ಹೊಡೆಯಿತು. ಮಗುವೊಂದು ಅಲ್ಲಿ ಆಡುತ್ತಿದ್ದುದು ಐದು ನಿಮಿಷದ ಹಿಂದೆ. ಅವತ್ತಿನಿಂದ ಕಾರ್ಬ್ಯುರೇಟರಿನ ತೋಳನ್ನು ಮುಚ್ಚುವ ಕಡೆಗೆ ಎಳೆಯುವ ಸಣ್ಣ ರಿಟರ್ನ್ ಸ್ಪ್ರಿಂಗ್ ಇಲ್ಲದ ಕಾರನ್ನು ನಾನು ಚಾಲೂ ಮಾಡಲು ಬಿಡುವುದಿಲ್ಲ. ಅಗ್ಗದ ಪೆನ್ಸಿಲ್ ಸೆಲ್‌ಗಳನ್ನು ರಿಸೀವರಿಗೆ ಹಾಕಬೇಡಿ, ರೀಚಾರ್ಜ್ ಆಗುವ ಪ್ಯಾಕ್ ಹಾಕಿ.

ಹಂತ 7: ಮೊದಲ ದಿನ

ಬಜೆಟ್‌ನ ಮೂರನೇ ಒಂದು ಭಾಗ ಕಾರಿನ ಆಚೆಗೆ ಉಳಿದಿರಲಿ. ಇಗ್ನೈಟರ್, ಇಂಧನ ಹಾಕುವ ಬಾಟಲಿ, ಎರಡು ಹೆಚ್ಚುವರಿ ಗ್ಲೋ ಪ್ಲಗ್, ಫಿಲ್ಟರ್ ಎಣ್ಣೆ, ಆಫ್ಟರ್ ರನ್ ಎಣ್ಣೆ (ಓಡಿಸಿ ಮುಗಿದ ಮೇಲೆ ಎಂಜಿನ್‌ಗೆ ಬಿಡುವುದು), ದೂರದಿಂದಲೇ ಶಾಖ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಬೇಕೇ ಬೇಕು. ಗ್ಲೋ ಪ್ಲಗ್‌ನಲ್ಲಿ ಟರ್ಬೊ, ಸಾಧಾರಣ ಅಂತ ಎರಡು ಬಗೆ, ಒಂದರ ಜಾಗಕ್ಕೆ ಇನ್ನೊಂದು ಹೊಂದುವುದಿಲ್ಲ, ನೋಡಿ ಕೊಳ್ಳಿ.

ಹೊಸ ಎಂಜಿನ್ ಆದರೆ ಮೊದಲ ಐದು ಟ್ಯಾಂಕ್ ಇಂಧನ ಜಾಸ್ತಿ ಹೋಗುವ ಹಾಗೆ ನೀಡಲ್ (ಕಾರ್ಬ್ಯುರೇಟರಿನಲ್ಲಿ ಇಂಧನದ ಪ್ರಮಾಣ ಹೊಂದಿಸುವ ತಿರುಪು) ಇಟ್ಟು, ನಿಧಾನವಾಗಿ ಓಡಿಸಿ, ನಡುನಡುವೆ ತಣ್ಣಗಾಗಲು ಬಿಡಿ. ಹಿಂದೆ ನೀಲಿ ಹೊಗೆಯ ಗೆರೆ ಕಾಣುತ್ತಲೇ ಇರಬೇಕು. ನೀಡಲ್ ಗಡಿಯಾರದ ದಿಕ್ಕಿಗೆ ತಿರುಗಿದರೆ ಇಂಧನ ಕಡಿಮೆ, ಉಲ್ಟಾ ತಿರುಗಿದರೆ ಜಾಸ್ತಿ. ಒಂದು ಸಲಕ್ಕೆ ಸುತ್ತಿನ ಎಂಟನೇ ಒಂದು ಭಾಗ, ಅದಕ್ಕಿಂತ ಜಾಸ್ತಿ ಬೇಡ. ಆಮೇಲೆ ಓಡುವಾಗ ಹೆಡ್ ಶಾಖ 100ರಿಂದ 120 ಡಿಗ್ರಿ ಸೆಲ್ಸಿಯಸ್ ಒಳಗಿರಲಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಗಾಳಿ ತೆಳು. ಇಲ್ಲಿ ಟ್ಯೂನ್ ಮಾಡಿದ ಕಾರನ್ನು ಮಂಗಳೂರಿಗೆ ಒಯ್ದರೆ ಗಾಳಿ ದಟ್ಟ, ನೀಡಲ್ ಸ್ವಲ್ಪ ತೆರೆಯಲೇಬೇಕು. ಇಲ್ಲದಿದ್ದರೆ ಎಂಜಿನ್ ಅತಿಯಾಗಿ ಬಿಸಿಯಾಗುತ್ತದೆ.

ಮುಗಿಸುವಾಗ ಟ್ಯಾಂಕ್ ಖಾಲಿ ಮಾಡಿ, ಉಳಿದ ಇಂಧನ ಉರಿದುಹೋಗುವ ತನಕ ಎಂಜಿನ್ ಓಡಿಸಿ. ಪ್ಲಗ್ ಬಿಚ್ಚಿ ಒಳಗೆ ಮೂರು ಹನಿ, ಕಾರ್ಬ್ಯುರೇಟರಿಗೆ ಮೂರು ಹನಿ ಆಫ್ಟರ್ ರನ್ ಎಣ್ಣೆ ಬಿಟ್ಟು ನಾಲ್ಕು ಸುತ್ತು ತಿರುಗಿಸಿ. ಪಿಸ್ಟನ್ ಮೇಲ್ತುದಿಯಲ್ಲಿ ಕಚ್ಚಿಕೊಂಡೇ ತಣ್ಣಗಾದರೆ ಸ್ಲೀವ್ ಅದರ ಸುತ್ತ ಕುಗ್ಗಿ ಬಿಗಿ ಹಾಳಾಗುತ್ತದೆ. ಆದ್ದರಿಂದ ಅದನ್ನು ಕೆಳಗಿಳಿಸಿಯೇ ಇಡಬೇಕು. ಪಿಸ್ಟನ್ ಪೂರ್ತಿ ಕೆಳಗಿದ್ದಾಗ ಫ್ಲೈವೀಲ್‌ನ ಯಾವ ಭಾಗ ಚಾಸಿಯ ಸೀಳಿಗೆ ಬರುತ್ತದೋ, ಅಲ್ಲಿಗೆ ಒಂದು ಚುಕ್ಕೆ ನೇಲ್ ಪಾಲಿಶ್ ಹಚ್ಚಿಡಿ. ನನ್ನ ಕಾರಿನಲ್ಲಿ ಅದು ಕೆಂಪು ಬಣ್ಣದ್ದು. ಕಾರನ್ನು ಚೀಲಕ್ಕೆ ಹಾಕುವ ಮುಂಚೆ ಮಗುಚಿ ನೋಡುತ್ತೇನೆ, ಚುಕ್ಕೆ ಸೀಳಿನ ನಡುವೆ ಕಾಣುವ ತನಕ ಹೆಬ್ಬೆರಳಿನಿಂದ ತಿರುಗಿಸಿ, ಆಮೇಲೆ ಜಿಪ್ ಎಳೆಯುತ್ತೇನೆ.