ಡೈ ಬದಲು ಗ್ಯಾಸ್: ಕಸಿ ಕಿಡ್ನಿಯ ನಾಳ ತೆರೆದ ನನ್ನ ಅನುಭವ

"ಲ್ಯಾಪರೋಸ್ಕೋಪಿಯಲ್ಲಿ ಹೊಟ್ಟೆ ಉಬ್ಬಿಸೋ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ತಂದು ರಕ್ತನಾಳಕ್ಕೆ ಬಿಡ್ತೀರಾ?" ಅಂತ, ಎಕ್ಸ್-ರೇಯಲ್ಲಿ ರಕ್ತನಾಳ ಕಾಣಿಸೋಕೆ ಬಿಡುವ ಡೈ ಬದಲು ಗ್ಯಾಸ್ ಬಳಸೋಣ ಅಂದಾಗ, ಮೈಸೂರಿನ ನಮ್ಮ ರಕ್ತನಾಳ ಚಿಕಿತ್ಸೆಯ ಕ್ಯಾತ್ ಲ್ಯಾಬ್‌ನಲ್ಲಿ ಎಲ್ಲರೂ ನಕ್ಕಿದ್ದರು. ಈಗ ಅವರೇ ಸಿಲಿಂಡರ್ ತುಂಬಿದೆಯಾ ಅಂತ ವಿಚಾರಿಸುತ್ತಾರೆ.

ರೋಗಿ ಪಾಂಡವಪುರ ಕಡೆಯ ಕಬ್ಬಿನ ರೈತ. ತಾಯಿ ಕೊಟ್ಟ ಕಿಡ್ನಿ ಏಳು ತಿಂಗಳು ಚೆನ್ನಾಗಿತ್ತು. ಆಮೇಲೆ ನಾಲ್ಕು ಥರ ಮಾತ್ರೆ ನುಂಗಿದರೂ ಬಿಪಿ 180ರಿಂದ ಇಳಿಯಲಿಲ್ಲ. ಕಿಡ್ನಿ ಕೆಲಸ ಕುಂದಿದಷ್ಟೂ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 1.3ರಿಂದ 2ಕ್ಕೆ ಬಂತು. ಬೇರೆ ಕಡೆ ರಿಜೆಕ್ಷನ್, ಅಂದರೆ ದೇಹ ಹೊಸ ಕಿಡ್ನಿಯನ್ನು ಒಪ್ಪುತ್ತಿಲ್ಲ ಅಂತ ಮೂರು ದಿನ ಸ್ಟೀರಾಯ್ಡ್ ಹಾಕಿದ್ದರು. ಬಯಾಪ್ಸಿಯಲ್ಲಿ ಏನೂ ಇಲ್ಲ. ಯಾರೋ ಟೆಲ್ಮಿಸಾರ್ಟಾನ್ ಅನ್ನೋ ಬಿಪಿ ಮಾತ್ರೆ ಶುರು ಮಾಡಿದರು, ವಾರಕ್ಕೇ ಕ್ರಿಯಾಟಿನಿನ್ 3 ದಾಟಿತು. ಕಿಡ್ನಿಗೆ ಹೋಗುವ ನಾಳ ಕಿರಿದಾಗಿದ್ದರೆ ಈ ಮಾತ್ರೆಯಿಂದ ಹೀಗಾಗುತ್ತದೆ, ನನಗೆ ಅನುಮಾನ ಬಂದದ್ದೇ ಅಲ್ಲಿ. ಅಷ್ಟರಲ್ಲಿ ಒಂದೂವರೆ ಲಕ್ಷ ಖರ್ಚಾಗಿ, ಎರಡು ಹಸು ಮಾರಿದ್ದರು.

ಡಾಪ್ಲರ್‌ನಲ್ಲಿ (ರಕ್ತದ ಓಟ ತೋರಿಸುವ ಸ್ಕ್ಯಾನ್) ಕಿಡ್ನಿಯ ನಾಳಕ್ಕೆ ಹೊಲಿಗೆ ಹಾಕಿದ ಜಾಗದಲ್ಲಿ ರಕ್ತದ ವೇಗ ಸೆಕೆಂಡಿಗೆ 380 ಸೆಂ.ಮೀ. ಹತ್ತಿರ. ಕಿಡ್ನಿ ಒಳಗೆ ಅಲೆ ನಿಧಾನಕ್ಕೆ, ಮಂಕಾಗಿ ಏಳುತ್ತಿತ್ತು. ನಾಳ ಕಿರಿದಾಗಿದೆ ಅನ್ನೋಕೆ ಇಷ್ಟು ಸಾಕಲ್ವಾ? ಆದರೆ ಡೈ ಕಿಡ್ನಿಗೇ ಪೆಟ್ಟು ಕೊಡಬಹುದು, ಸುಸ್ತಾದ ಕಿಡ್ನಿಗೆ ಅದನ್ನು ಸುರಿಯೋಕೆ ಯಾರಿಗೂ ಧೈರ್ಯವಿಲ್ಲ.

ಕಾರ್ಬನ್ ಡೈಆಕ್ಸೈಡ್ ಬಳಸಬಹುದು ಅಂದೆ. ಇದಕ್ಕೆ ಮುಂಚೆ ಕಾಲಿನ ನಾಳಗಳಲ್ಲಿ ಎರಡು ಸಲ ಸೋತಿದ್ದೆ. ಮೊದಲ ಸಲ ತ್ರೀ-ವೇ (ಮೂರು ಬಾಯಿಯ ಪುಟ್ಟ ನಲ್ಲಿ) ಸಡಿಲವಾಗಿತ್ತು, ಗಾಳಿ ಸೇರಿರಬಹುದು ಅಂತ ಹೆದರಿ ಅರ್ಧಕ್ಕೇ ನಿಲ್ಲಿಸಿದೆ. ಎರಡನೇ ಸಲ ನಾಳಕ್ಕೆ ತೂರಿಸುವ ಸಣ್ಣ ಕೊಳವೆಯಾದ ಕ್ಯಾತಿಟರ್‌ನಲ್ಲಿದ್ದ ಸಲೈನ್ ಮೊದಲು ಹೊರಹಾಕಲಿಲ್ಲ. ತಡೆದು ನಿಂತ ಗ್ಯಾಸ್ ಒಮ್ಮೆಲೇ ನುಗ್ಗಿತು, ರೋಗಿ ಕಾಲು ಎತ್ತಿ ಕಿರುಚಿದರು. ಚಿತ್ರವೂ ಹಾಳು, ಮರ್ಯಾದೆಯೂ ಹೋಯಿತು. ಆಮೇಲೆ ನಾಲ್ಕು ವಾರ ಬಕೆಟ್ ನೀರಿನಲ್ಲಿ ಸಿರಿಂಜ್ ಒತ್ತಿ ಗುಳ್ಳೆ ನೋಡಿದ್ದೇ ಕೆಲಸ. ಮನೆಯಲ್ಲಿ ಹೆಂಡತಿ, "ಸೋಡಾ ಅಂಗಡಿ ಇಡ್ತೀರಾ?" ಅಂದಳು.

ಕಸಿ ಕಿಡ್ನಿಯಲ್ಲಿ ಒಂದು ಅನುಕೂಲ ಇದೆ. ಅದು ಹೊಟ್ಟೆಯ ಮುಂಭಾಗದಲ್ಲಿ ಕೂತಿರುತ್ತದೆ, ರೋಗಿ ಮಲಗಿದಾಗ ಗ್ಯಾಸ್ ಮೇಲಕ್ಕೇ ತೇಲಿ ಅದರ ನಾಳ ತುಂಬುತ್ತದೆ. ಒಂದೊಂದು ಸಲಕ್ಕೆ 20 ಎಂಎಲ್, ನಡುವೆ ಎರಡು ಮೂರು ನಿಮಿಷ ಬಿಡುವು. ಕರುಳು ಅಲುಗಾಡಿ ಎರಡು ಸಲದ ಚಿತ್ರ ಕೆಟ್ಟವು, ಕರುಳು ಸುಮ್ಮನಾಗಲು ಬಸ್ಕೋಪಾನ್ ಕೊಟ್ಟೆ. ಎಕ್ಸ್-ರೇಯ ಸಿ-ಆರ್ಮ್ ಯಂತ್ರ ಎಷ್ಟು ತಿರುಗಿಸಿದೆ ಅಂತ ಮಾತ್ರ ಕೇಳಬೇಡಿ, ಅದು ನನ್ನ ಗುಟ್ಟು.

ಕಾಲಿನ ಕಡೆ ಹೋಗುವ ರಕ್ತನಾಳ ಬಾಹ್ಯ ಇಲಿಯಾಕ್‌ಗೆ ಜೋಡಿಸಿದಲ್ಲೇ ಸೂಜಿಯಷ್ಟು ದಾರಿ. ಬಲೂನ್ ಹಿಗ್ಗಿಸಿದೆ, ತೆಗೆದ ಕೂಡಲೇ ಮತ್ತೆ ಮುದುಡಿತು. ಸ್ಟೆಂಟ್ ಇಡಲೇಬೇಕಾಯಿತು. ಕೊನೆಗೆ ಡೈ ಬೇಕಾದದ್ದು ಬರೀ 8 ಎಂಎಲ್. ಗ್ಯಾಸ್‌ಗೆ ಕೆಲವು ನೂರು ರೂಪಾಯಿ, ಬಲೂನ್ ಮತ್ತು ಸ್ಟೆಂಟ್‌ಗೆ ಸುಮಾರು 40 ಸಾವಿರ. ಗ್ಯಾಸ್ ಬಿಡುವ ರೆಡಿ ಕಿಟ್ ತರಿಸಿದ್ದರೆ ಬಿಲ್ ಇನ್ನೂ ಜಾಸ್ತಿ.

ಈ ಮಧ್ಯೆ ಜೂನಿಯರ್‌ಗಳಿಗೆ ಡಾಪ್ಲರ್‌ಗೆ ಮುಂಚೆ ಕಿಡ್ನಿ ಮೇಲೆ ಸ್ಟೆತ್ ಇಟ್ಟು, ಕಿರಿದಾದ ನಾಳದ ಸದ್ದು ಕೇಳಿಸಿಕೊಳ್ಳಲು ಹೇಳಿದ್ದೆ. ಏನೂ ತೊಂದರೆ ಇಲ್ಲದ ಕಿಡ್ನಿಯಲ್ಲೂ ಸುಮ್ನೆ ಬುಸ್ ಅನ್ನುತ್ತದೆ. ಆ ಪ್ರಯೋಗ ಅಲ್ಲಿಗೇ ಬಿಟ್ಟೆ.

ಹತ್ತು ದಿನಕ್ಕೆ ಕ್ರಿಯಾಟಿನಿನ್ 1.5, ಬಿಪಿ ಮಾತ್ರೆ ಒಂದೂವರೆಗೆ ಇಳಿಯಿತು. ಮುಂದಿನ ಡಾಪ್ಲರ್‌ಗೆ ಬಂದಾಗ ಎರಡು ಅಚ್ಚು ಬೆಲ್ಲ ತಂದಿದ್ದರು. ಒಂದನ್ನು ಅನಸ್ತೇಶಿಯಾದವರೇ ಎತ್ತಿಕೊಂಡು ಹೋದರು.